ಅಗಸೆ ನಾರಿನ ಹಣದಲ್ಲಿ ಎದ್ದ ಗಿಮಿಲಿಯೋ ಚರ್ಚು

ನೀವೀಗ ನೋಡುತ್ತಿರುವುದು ಫ್ರಾನ್ಸಿನ ವಾಯವ್ಯ ಅಂಚಿನಲ್ಲಿರುವ ಬ್ರಿಟಾನಿ ಪ್ರಾಂತದ, ಗಿಮಿಲಿಯೋ ಎಂಬ ಸಣ್ಣ ಊರಿನ ಸಂತ ಮಿಲಿಯೋ ಚರ್ಚು. ಇದನ್ನು ಬೆಳೆಸಿದವರು ಅಗಸೆ ಬೆಳೆದು, ಅದರ ನಾರಿನಿಂದ ನೂಲು ತೆಗೆದು, ಲಿನನ್ ಬಟ್ಟೆ ನೇಯ್ದು ಮಾರುತ್ತಿದ್ದ ರೈತರು ಮತ್ತು ವರ್ತಕರು. 16 ಮತ್ತು 17ನೆಯ ಶತಮಾನಗಳಲ್ಲಿ ಆ ಬಟ್ಟೆ ಮೊರ್ಲೆ ಬಂದರಿನಲ್ಲಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಲಾಭದ ಒಂದು ಪಾಲು ಚರ್ಚಿನ ಬೊಕ್ಕಸ ಸೇರುತ್ತಿತ್ತು, ಅದರ ಲೆಕ್ಕ ನೋಡಿಕೊಳ್ಳುತ್ತಿದ್ದವರೂ ಊರಿನವರೇ.

ಚರ್ಚಿನೊಳಗೆ ಹೋಗುವ ಮುನ್ನ ಅಂಗಳದ ಕ್ಯಾಲ್ವರಿಯ ಮುಂದೆ ಸಾಕಷ್ಟು ಹೊತ್ತು ನಿಲ್ಲಲೇಬೇಕು. ಶಿಲುಬೆಯನ್ನು ಹೊತ್ತು ನಿಂತಿರುವ ಈ ಶಿಲ್ಪವೇದಿಕೆ 1581ರಿಂದ 1588ರ ನಡುವೆ ರೂಪುಗೊಂಡಿತು; ಸುಮಾರು 200 ಮೂರ್ತಿಗಳು ಯೇಸುವಿನ ಬದುಕನ್ನು ಸುತ್ತಲೂ ನಿರೂಪಿಸುತ್ತವೆ. ಯೇಸುವನ್ನು ಹಿಂಸಿಸುವ ಸೈನಿಕರು ರೋಮನ್ನರ ಉಡುಪಿನಲ್ಲಿಲ್ಲ, ಶಿಲ್ಪಿಗಳ ಕಾಲದ, ಅಂದರೆ 16ನೆಯ ಶತಮಾನದ ಉಡುಪಿನಲ್ಲಿದ್ದಾರೆ ಎಂಬುದನ್ನು ಗಮನಿಸಿ. ಒಂದು ಕಡೆ, ದೆವ್ವಗಳು ನರಕದ ಬಾಯಿಗೆ ಎಳೆಯುತ್ತಿರುವ ಹೆಣ್ಣು ಕತೆಲ್ ಗೊಲೆತ್. ಕುಣಿತದ ಮೋಹದಲ್ಲಿ ಕೆಟ್ಟಳೆಂದು ಬ್ರಿಟಾನಿಯ ಜನಪದ ಕಥೆ ಹೇಳುವ ಯುವತಿ. ಬೈಬಲಿನಲ್ಲಿ ಇಲ್ಲದ ಈ ಹುಡುಗಿಗೆ ಕ್ರಿಸ್ತಚರಿತ್ರೆಯ ಮಗ್ಗುಲಲ್ಲೇ ಜಾಗ ಸಿಕ್ಕಿರುವುದು ನನ್ನನ್ನು ಬಹಳವಾಗಿ ಕಾಡಿತು. ಮೂರ್ತಿಗಳನ್ನು ಕಡೆದಿರುವ, ಬೂದುಗಪ್ಪು ಬಣ್ಣದ ಕೆರ್ಸಾಂತೋನ್ ಎಂಬ ಈ ಕಲ್ಲು ಬ್ರಿಟಾನಿಯದೇ ಆದ ಬ್ರೆಸ್ಟ್ ಕೊಲ್ಲಿಯ ಆಸುಪಾಸಿನದು. ಗಣಿಯಿಂದ ಹೊಸದಾಗಿ ಬಂದಾಗ ಉಳಿಗೆ ಮಣಿಯುವ ಇದು ಬರಬರುತ್ತಾ ಗಡುಸಾಗುವುದರಿಂದ, 400 ವರ್ಷಗಳ ಮಳೆಗಾಳಿಯ ಬಳಿಕವೂ ಮುಖಭಾವಗಳು ಸ್ಪಷ್ಟವಾಗಿ ಉಳಿದಿವೆ.

ದಕ್ಷಿಣದ ಮುಖಮಂಟಪ 17ನೆಯ ಶತಮಾನದ ಆರಂಭದ್ದು. ಒಳಗೆ ಎರಡೂ ಬದಿಗೆ ಅಪೊಸ್ತಲರ, ಅಂದರೆ ಯೇಸುವಿನ ಪ್ರಮುಖ ಶಿಷ್ಯರ ಮೂರ್ತಿಗಳ ಸಾಲಿದೆ. ಅದನ್ನು ದಾಟಿದರೆ ಕಲ್ಲಿನ ಕೆಲಸದಿಂದ ಮರದ ಕೆಲಸಕ್ಕೆ ಬರುತ್ತೇವೆ. 1675ರ ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಓಕ್ ಮರದ ಎತ್ತರದ ಮಂಟಪವಿದ್ದು, ಅದರ ತಿರುಚಿದ ಕಂಬಗಳ ಕುಸುರಿ ಕೆಲಸವನ್ನು ಹತ್ತಿರದಿಂದಲೇ ನೋಡಬೇಕು. ಇಲ್ಲಿನ ಆರ್ಗನ್ ಎಂಬ ಕೊಳವೆವಾದ್ಯ ಥಾಮಸ್ ಡಲ್ಲಮ್ ಮಾಡಿದ್ದು. ಆರಾಧನೆಯಲ್ಲಿ ಆಡಂಬರ ಬೇಡವೆನ್ನುತ್ತಿದ್ದ ಪ್ಯೂರಿಟನ್ ಪಂಥದವರು ಚರ್ಚುಗಳಿಂದ ಆರ್ಗನ್‌ಗಳನ್ನು ತೆಗೆಸುತ್ತಿದ್ದ ಕಾಲದಲ್ಲಿ ಇಂಗ್ಲೆಂಡ್ ಬಿಟ್ಟು ಬ್ರಿಟಾನಿಯಲ್ಲಿ ನೆಲೆಸಿದ ವಾದ್ಯಶಿಲ್ಪಿಗಳ ಮನೆತನ ಅವನದು. ಬಟ್ಟೆ ಹೋದ ಕಡಲದಾರಿಯಲ್ಲೇ ಕಸುಬುದಾರರೂ ಬಂದಿದ್ದಾರೆ.

1683ರಲ್ಲಿ ಪೂಜಾವಸ್ತ್ರಗಳ ಕೋಣೆ ಕಟ್ಟಿದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನೊಡನೆ ಯುದ್ಧ ಆರಂಭವಾಗಿ ಲಿನನ್ ವ್ಯಾಪಾರ ಕುಸಿಯಿತು. ಹಳೆಯದನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟುವಷ್ಟು ಹಣ ಮತ್ತೆ ಬರಲಿಲ್ಲ; ಆ ಕಾಲದ ಅಲಂಕಾರ ಇಷ್ಟರ ಮಟ್ಟಿಗೆ ಉಳಿದು ಬಂದಿರುವುದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ.