ಎರಡನೇ ಸರ್ವರ್ ತರುವ ಮುಂಚೆ

(ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಗೆಳೆಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಡೇಟಾಬೇಸ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ ಅಂದರೆ, ಕೆಲವರ ಸರ್ವರ್ ಇತ್ತೀಚೆಗೆ ಕೈಕೊಟ್ಟಿರಬೇಕು.

"ಸರ್, ಕ್ಲಸ್ಟರ್ ಹಾಕೋಣೋ, ರೆಪ್ಲಿಕೇಶನ್ ಸಾಕೋ?" ಎಲ್ಲರೂ ಕೇಳುವುದು ಇದನ್ನೇ. ಕ್ಲಸ್ಟರ್ ಅಂದರೆ ಹಲವು ಸರ್ವರ್ ಒಂದಾಗಿ ದುಡಿಯುವುದು, ರೆಪ್ಲಿಕೇಶನ್ ಅಂದರೆ ಡೇಟಾದ ಪ್ರತಿ ಇನ್ನೊಂದು ಸರ್ವರ್‌ಗೆ ಹೋಗುತ್ತಿರುವುದು. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಸರ್ವರ್ ಕೆಟ್ಟರೆ ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ? ಎಷ್ಟು ಡೇಟಾ ಹೋದರೆ ನಡೆಯುತ್ತದೆ? ಮೊದಲನೆಯದು ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್), ಎರಡನೆಯದು ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್). ಎರಡೂ ಸೊನ್ನೆ ಇರಲಿ ಅಂತ ಮಾಲೀಕರು ಹೇಳುತ್ತಾರೆ. ಕೊಟೇಶನ್ ಕೈಗೆ ಕೊಟ್ಟ ಮೇಲೆ ಸೊನ್ನೆ ನಿಧಾನಕ್ಕೆ ಬೆಳೆಯುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಇ-ಟೆಂಡರ್ ತಗೊಳ್ಳಿ. ಉದಾಹರಣೆಗಷ್ಟೇ, ಅವರ ಸರ್ವರ್ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ದಲಾಲರ ಅಂಗಡಿ ಮುಂದೆ ಚೀಲ ಬಿಚ್ಚಿ ಇಟ್ಟಿರುತ್ತಾರೆ. ಖರೀದಿದಾರರು ಕಾಯಿ ಮುರಿದು, ಬಣ್ಣ ನೋಡಿ, ಲಾಟ್ ನಂಬರಿಗೆ ದರ ಹಾಕುತ್ತಾರೆ. ಹೊತ್ತು ಮುಗಿದ ಮೇಲೆ ಯಾರದು ಜಾಸ್ತಿ ಅಂತ ತಿಳಿಯುತ್ತದೆ. ಇಂಥ ಕಡೆ ಸರ್ವರ್ ಅರ್ಧ ಗಂಟೆ ನಿಂತರೆ ಬೈಗುಳ ಬೀಳುತ್ತದೆ, ಆದರೆ ಟೆಂಡರ್ ಮುಂದೂಡಬಹುದು. 'ದಾಖಲಾಗಿದೆ' ಅಂತ ತೋರಿಸಿದ ಒಂದು ದರ ಮಾಯವಾದರೆ? ಅದು ಎಲ್ಲಕ್ಕಿಂತ ಮೇಲಿನ ದರವಾಗಿದ್ದರೆ ರೈತನ ದುಡ್ಡೇ ಹೋಯಿತು. ಇಲ್ಲಿ ಸಿಂಕ್ರೊನಸ್ ರೆಪ್ಲಿಕೇಶನ್ ಬೇಕು. ಎರಡನೇ ಸರ್ವರ್ ಕೂಡ ಬರೆದುಕೊಂಡ ಮೇಲೆಯೇ ಕಮಿಟ್ ಆಗಬೇಕು, ಅಂದರೆ ಬರಹ ಪಕ್ಕಾ ಆಗಬೇಕು.

ಬಸ್ ಎಲ್ಲಿದೆ ಅಂತ ತೋರಿಸುವ ಬೋರ್ಡ್ ಉಲ್ಟಾ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಕಾಯುವವರಿಗೆ ಹತ್ತು ಸೆಕೆಂಡಿನ ಡೇಟಾ ಹೋದರೆ ಗೊತ್ತೂ ಆಗಲ್ಲ, ಬೋರ್ಡ್ ಕಪ್ಪಾದರೆ ಮಾತ್ರ ಸಿಟ್ಟು ಬರುತ್ತದೆ. ಅಲ್ಲಿಗೆ ಅಸಿಂಕ್ರೊನಸ್, ಅಂದರೆ ಎರಡನೇ ಸರ್ವರ್‌ಗೆ ಕಾಯದೆ ಕಮಿಟ್ ಮಾಡುವುದು, ಸಾಕು. ಸುಮ್ನೆ ದುಡ್ಡು ಸುರಿಯಬೇಡಿ.

ಸಿಂಕ್ರೊನಸ್‌ಗೆ ದೂರದ ಬೆಲೆ ಇದೆ. ಫೈಬರ್‌ನಲ್ಲಿ ಬೆಳಕು ಒಂದು ಕಿ.ಮೀ. ಹೋಗಲು ಸುಮಾರು 5 ಮೈಕ್ರೊಸೆಕೆಂಡ್ ಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಹಿಡಿದರೆ ಹೋಗಿಬರಲು 0.2 ಮಿಲಿಸೆಕೆಂಡ್. ಬೆಂಗಳೂರಿಗೆ 400 ಕಿ.ಮೀ. ಹಿಡಿದರೆ 4 ಮಿಲಿಸೆಕೆಂಡ್, ನಿಜವಾದ ನೆಟ್‌ವರ್ಕ್‌ನಲ್ಲಿ ಇನ್ನೂ ಜಾಸ್ತಿ. ಪ್ರತಿ ಕಮಿಟ್ ಅಷ್ಟು ಕಾಯಬೇಕು.

ಈಗ ಬಹಳ ಜನ ಗಮನಿಸದ ವಿಷಯ. ಸಿಂಕ್ರೊನಸ್ ಜೊತೆಗಾರ ಸರ್ವರೇ ಸತ್ತರೆ ಏನಾಗುತ್ತದೆ? ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದೇ ಸಿಂಕ್ರೊನಸ್ ಸ್ಟ್ಯಾಂಡ್‌ಬೈ (ಪ್ರತಿ ಇಟ್ಟುಕೊಂಡು ಕಾಯುವ ಸರ್ವರ್) ಇಟ್ಟಿದ್ದರೆ ಮುಖ್ಯ ಸರ್ವರ್‌ನ ಕಮಿಟ್‌ಗಳು ಅಲ್ಲೇ ನಿಲ್ಲುತ್ತವೆ. ಡೇಟಾ ಉಳಿಸಲು ಹೋಗಿ, ಎರಡರಲ್ಲಿ ಯಾವುದು ಕೆಟ್ಟರೂ ಕೆಲಸ ನಿಲ್ಲುವಂತೆ ಮಾಡಿಕೊಂಡಿರಿ! ಅದಕ್ಕೇ ಎರಡು ಸ್ಟ್ಯಾಂಡ್‌ಬೈ ಇಟ್ಟು, ಯಾವುದಾದರೂ ಒಂದು ಒಪ್ಪಿದರೆ ಸಾಕು ಅಂತ ಹೇಳುವ ಸೌಲಭ್ಯ 10ನೇ ಆವೃತ್ತಿಯಲ್ಲಿ ಬಂತು. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಸೆಮಿ-ಸಿಂಕ್ (ಅರೆ-ಸಿಂಕ್ರೊನಸ್) ಬೇರೆ ಥರ. ಡಿಫಾಲ್ಟ್ ಆಗಿ 10 ಸೆಕೆಂಡ್ ಕಾದು, ಸದ್ದಿಲ್ಲದೆ ಅಸಿಂಕ್ರೊನಸ್‌ಗೆ ಇಳಿಯುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನ ಅವೈಲಬಿಲಿಟಿ ಗ್ರೂಪ್ ಕೂಡ, ನೀವು ತಡೆಯದಿದ್ದರೆ, ಜೊತೆಗಾರನನ್ನು ಬಿಟ್ಟು ಮುಂದೆ ಹೋಗುತ್ತದೆ. ಸೇಲ್ಸ್‌ನವರು ಮೂರಕ್ಕೂ ಒಂದೇ ಹೆಸರು ಹೇಳುತ್ತಾರೆ. ನೀವು ಮ್ಯಾನ್ಯುಅಲ್ ಓದಬೇಕು.

ಇನ್ನು ಆಟೊಮ್ಯಾಟಿಕ್ ಫೇಲ್‌ಓವರ್, ಅಂದರೆ ಮುಖ್ಯ ಸರ್ವರ್ ಸತ್ತರೆ ಇನ್ನೊಂದು ತಾನಾಗಿ ಯಜಮಾನ ಆಗುವುದು. ಹುಬ್ಬಳ್ಳಿಯಲ್ಲೊಂದು ಸರ್ವರ್, ಧಾರವಾಡದಲ್ಲೊಂದು. ನಡುವೆ ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಿತ್ತಿತು. ಎರಡೂ ಬದುಕಿವೆ, ಎರಡಕ್ಕೂ ಇನ್ನೊಂದು ಸತ್ತಿದೆ ಅನಿಸುತ್ತದೆ. ಎರಡೂ ಯಜಮಾನ ಆದರೆ ಎರಡು ಲೆಕ್ಕ ಶುರು. ಆಮೇಲೆ ಕೂಡಿಸಲು ಕೂತವರಿಗೆ ರಾತ್ರಿ ನಿದ್ದೆ ಇಲ್ಲ. ಮೂರನೇ ಜಾಗದಲ್ಲಿ, ಗದಗಿನಲ್ಲೋ ಕ್ಲೌಡ್‌ನಲ್ಲೋ, ಯಾರು ಯಜಮಾನ ಅಂತ ಸಾಕ್ಷಿ ಹೇಳುವ ಒಂದು ಸಣ್ಣ ವಿಟ್ನೆಸ್ ಸರ್ವರ್ ಇಲ್ಲದೆ ಆಟೊಮ್ಯಾಟಿಕ್ ಹಾಕಲೇಬೇಡಿ.

ಎಲ್ಲ ಇದ್ದೂ ತಪ್ಪಬಹುದು. 2018ರ ಅಕ್ಟೋಬರ್‌ನಲ್ಲಿ, ಪ್ರೋಗ್ರಾಂ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ತಪ್ಪಿದ್ದು 43 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಅವರ ಆಟೊಮ್ಯಾಟಿಕ್ ಫೇಲ್‌ಓವರ್ ಸಾಧನ ಅಮೆರಿಕದ ಪಶ್ಚಿಮ ಕರಾವಳಿಯ ಮೈಎಸ್‌ಕ್ಯೂಎಲ್ ಸರ್ವರ್‌ಗಳನ್ನು ಯಜಮಾನ ಮಾಡಿತು. ಅಲ್ಲಿಗೆ ತಲುಪದ ಕೆಲವು ಸೆಕೆಂಡಿನ ಬರಹ ಪೂರ್ವ ಕರಾವಳಿಯಲ್ಲೇ ಉಳಿದಿತ್ತು. ಸರಿ ಹೋಗಲು 24 ಗಂಟೆ 11 ನಿಮಿಷ ಬೇಕಾಯಿತು.

ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಸಲಹೆ ಬಹಳ ಸಾದಾ: ಒಂದು ಸ್ಟ್ಯಾಂಡ್‌ಬೈ, ಕೈಯಿಂದ ಫೇಲ್‌ಓವರ್, ಬೇರೆ ಕಡೆ ಬ್ಯಾಕಪ್. ವರ್ಷದಲ್ಲಿ ಶೇ. 99.9 ಹೊತ್ತು ಸರ್ವರ್ ನಡೆಯಬೇಕು ಅಂದರೂ ಎಂಟೂಮುಕ್ಕಾಲು ಗಂಟೆ ನಿಲ್ಲಲು ಅವಕಾಶವಿದೆ. ದಲಾಲರ ಲೆಕ್ಕದ ಸಾಫ್ಟ್‌ವೇರ್‌ಗೆ ಅಷ್ಟು ಸಾಕಲ್ವಾ? ಹಂಚಿಕೊಂಡ ಸ್ಟೋರೇಜ್ ಮೇಲಿನ ಕ್ಲಸ್ಟರ್ ಬಗ್ಗೆ ಒಂದೇ ಮಾತು: ಸ್ಟೋರೇಜ್ ಕೆಟ್ಟರೆ ಎರಡೂ ನೋಡ್ (ಕ್ಲಸ್ಟರ್‌ನ ಸರ್ವರ್) ಕೂತಂತೆಯೇ.

ರೆಪ್ಲಿಕಾ (ಪ್ರತಿ ಸರ್ವರ್) ಇದ್ದ ಮಾತ್ರಕ್ಕೆ ಬ್ಯಾಕಪ್ ಬಿಡಬೇಡಿ. ಯಾರೋ ತಪ್ಪಿ ಟೇಬಲ್ ಅಳಿಸಿದರೆ ಆ ಅಳಿಸುವಿಕೆಯೂ ಕ್ಷಣದಲ್ಲಿ ಆಚೆ ತಲುಪುತ್ತದೆ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದ್ದೇ ತಾಣ ಗಿಟ್‌ಲ್ಯಾಬ್‌ನಲ್ಲಿ ರೆಪ್ಲಿಕೇಶನ್ ಸರಿಪಡಿಸುವಾಗ ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿಹೋಯಿತು. ದಿನದ ಬ್ಯಾಕಪ್ ನೋಡಿದರೆ, ಬ್ಯಾಕಪ್ ಸಾಧನದ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ಅದು ಆಗುತ್ತಲೇ ಇರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಸಿಕ್ಕಿದ್ದೇ ಪುಣ್ಯ. ತಿಂಗಳಿಗೊಮ್ಮೆ ಬ್ಯಾಕಪ್ ರಿಸ್ಟೋರ್ ಮಾಡಿ ನೋಡ್ರಿ.

ಈಗ ಮಾತು ಸಾಕು. ಇಲ್ಲಿ ಮೂರು ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಓಡುತ್ತಿದೆ, ಸೆಕೆಂಡಿಗೊಂದು ದರ ಬರೆಯುತ್ತಿದೆ. ಯಾರಾದರೂ ಮುಂದೆ ಬಂದು ನಿಮಗೆ ಬೇಕಾದ ಕೇಬಲ್ ಕೀಳ್ರಿ. ಯಾವ ದರ ಉಳಿಯಿತು, ಯಾವುದು ಹೋಯಿತು ಅಂತ ಇಲ್ಲೇ ಎಣಿಸೋಣ.