ಯಾಕೆ ಒಬ್ಬಳೇ ಹೋಗ್ತೀಯಾ?

ಕೇಳುಗರಿಗೆ ನಮಸ್ಕಾರ. ಇವತ್ತು ಆನಂದಿಬಾಯಿ ಜೋಶಿಯ ಕತೆ ಹೇಳುತ್ತೇನೆ. ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಬೆಳೆದವಳು. 1883ರಲ್ಲಿ, 18ನೇ ವಯಸ್ಸಿಗೆ, ಡಾಕ್ಟರಿಕೆ ಓದಲು ಅಮೆರಿಕಕ್ಕೆ ಹಡಗು ಹತ್ತಿದಳು.

ಇವಳ ಹೆಸರೆತ್ತಿದ ಕೂಡಲೇ ಜನ ಹೇಳುವುದು ಒಂದೇ ಮಾತು: "ಗಂಡ ಕಳಿಸಿದ, ಹೋದಳು." ದಯವಿಟ್ಟು ಆ ಮಾತು ಬಿಟ್ಟುಬಿಡಿ. ಗಂಡ ಗೋಪಾಲರಾಯರು ಹಟ ಹಿಡಿದು ಓದಿಸಿದ್ದು ನಿಜ. ಆದರೆ ಹೋದವಳು ಅವಳು. 14ನೇ ವಯಸ್ಸಿಗೆ ಹೆತ್ತ ಗಂಡುಮಗು ಹತ್ತೇ ದಿನಕ್ಕೆ ತೀರಿಕೊಂಡಿತ್ತು. ಡಾಕ್ಟರ್ ಆಗಬೇಕೆಂಬ ಆಸೆ ಹುಟ್ಟಿದ್ದು ಆ ಸಂಕಟದಲ್ಲಿ.

ಹೊರಡುವ ಮುಂಚೆ ಏನು ಮಾಡಿದಳು ಗೊತ್ತಾ? ಗಂಡನಿಗೆ ಅಂಚೆ ಇಲಾಖೆಯ ಕೆಲಸ, ಆಗ ಇಬ್ಬರೂ ಬಂಗಾಳದಲ್ಲಿದ್ದರು. ಊರೆಲ್ಲ ಟೀಕೆ ಮಾಡುತ್ತಿತ್ತು. ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನಲ್ಲಿ ಸಭೆ ಸೇರಿಸಿ, ಎದ್ದು ನಿಂತು, ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. ಜನ ಬೆನ್ನ ಹಿಂದೆ ಕೇಳುತ್ತಿದ್ದ ಪ್ರಶ್ನೆಗಳನ್ನು ತಾನೇ ಒಂದೊಂದಾಗಿ ಎತ್ತಿಕೊಂಡಳು. ಯಾಕೆ ಅಮೆರಿಕ? ಇಲ್ಲೇ ಓದಬಾರದಾ? ಯಾಕೆ ಒಬ್ಬಳೇ? ಬಂದ ಮೇಲೆ ಜಾತಿಯಿಂದ ಹೊರಗೆ ಹಾಕಿದರೆ?

ಇಲ್ಲೇ ಓದಬಾರದಾ ಅನ್ನುವುದಕ್ಕೆ ಅವಳು ಕೊಟ್ಟ ಉತ್ತರ ಕೇಳಿ. ಬೀದಿಯಲ್ಲಿ ನಡೆದರೆ ಜನ ಸುತ್ತ ನಿಂತು ನಗುತ್ತಾರೆ, ವೆರಾಂಡದಲ್ಲಿ ಕೂತ ಮರ್ಯಾದಸ್ಥರೇ ಕಲ್ಲಿನ ಚೂರು ಎಸೆಯುತ್ತಾರೆ, ಅಂಗಡಿಯವರು ಕಂಡರೆ ಉಗಿಯುತ್ತಾರೆ ಅಂದಳು. ಹಾಗೆ ನಡೆದುಕೊಳ್ಳುವವರು ಆ ಸಭೆಯಲ್ಲೂ ಇದ್ದಿರಬಹುದು, ಅಲ್ವಾ? ಒಬ್ಬಳೇ ಯಾಕೆ ಅಂದರೆ, ಗಂಡನನ್ನು ನಂಬಿಕೊಂಡು ವಯಸ್ಸಾದ ತಾಯಿ, ಚಿಕ್ಕ ತಮ್ಮಂದಿರು ಇದ್ದಾರೆ, ಅವರನ್ನು ಬಿಟ್ಟು ಗಂಡ ಬರಲಾಗುವುದಿಲ್ಲ ಅಂದಳು. ಜಾತಿಯ ಮಾತಿಗೆ, ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಬರುತ್ತೇನೆ, ಊಟ ಉಡುಗೆ ಬದಲಾಗದು ಅಂದಳು. ಇದು ಕಳಿಸಿದಲ್ಲಿಗೆ ಸುಮ್ನೆ ಹೋಗುವವಳ ಮಾತೇ? ಹೋದವಳು ಅವಳು.

ಈ ಭಾಷಣದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ.

ಏಪ್ರಿಲ್ 7ಕ್ಕೆ ಕಲ್ಕತ್ತೆ ಬಿಟ್ಟ ಹುಡುಗಿ ನ್ಯೂಯಾರ್ಕಿನಲ್ಲಿ ಇಳಿದಾಗ ಜೂನ್ 4. ಕರೆದೊಯ್ಯಲು ಬಂದವರು ನ್ಯೂಜೆರ್ಸಿಯ ಕಾರ್ಪೆಂಟರ್ ಎಂಬ ಹೆಂಗಸು. ಅವರು ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಾ ಕೂತಿದ್ದಾಗ ಒಂದು ಪತ್ರಿಕೆಯಲ್ಲಿ ಇವಳ ವಿಷಯ ಓದಿ, ಕಾಗದ ಬರೆದು ಸ್ನೇಹ ಬೆಳೆಸಿದ್ದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ 1885ರಲ್ಲಿ ತೆಗೆದ ಫೋಟೋ ಇದೆ. ಸೀರೆಯುಟ್ಟ ಆನಂದಿ, ಜೊತೆಗೆ ತಮ್ಮ ತಮ್ಮ ನಾಡಿನ ಉಡುಪಿನಲ್ಲಿ ಜಪಾನಿನ ಒಬ್ಬಳು, ಸಿರಿಯಾದ ಒಬ್ಬಳು. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರೆ ಅದನ್ನು ಹುಡುಕಿ ತೋರಿಸಿ.

1886ರ ಮಾರ್ಚ್‌ನಲ್ಲಿ ಪದವಿ ಸಿಕ್ಕಿತು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ, ಹೆಣ್ಣುಮಕ್ಕಳ ಓದಿಗಾಗಿ ದುಡಿದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿ ಆ ಸಮಾರಂಭಕ್ಕೆಂದೇ ಇಂಗ್ಲೆಂಡಿನಿಂದ ಬಂದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸವೂ ಕಾದಿತ್ತು. ಆದರೆ ಊರಿಗೆ ಬರುವಾಗಲೇ ಕ್ಷಯ. 1887ರ ಫೆಬ್ರವರಿ 26ಕ್ಕೆ ಪುಣೆಯಲ್ಲಿ ತೀರಿಕೊಂಡಳು, 22 ತುಂಬುವ ಮುಂಚೆಯೇ.

ಅವಳ ಬೂದಿಯನ್ನು ಅಮೆರಿಕಕ್ಕೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಊರಿನಲ್ಲಿ, ಕಾರ್ಪೆಂಟರ್ ಮನೆತನದ ಸ್ಮಶಾನದಲ್ಲಿ, ಅವಳ ಹೆಸರಿನ ಕಲ್ಲು ಈಗಲೂ ಇದೆ. ನಮಸ್ಕಾರ.