ಕಾರ್ಡಿಗೂ ಗಾಳಿ ಬೇಕು

ಕೇಳುಗರಿಗೆ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಮಂಡ್ಯದ ಒಂದು ಫೋಟೋ ಸ್ಟುಡಿಯೋದಿಂದ ಫೋನ್ ಬಂತು. "ಸಾರ್, ಬೆಳಗ್ಗೆ ಎಲ್ಲಾ ಸರಿ ಇರುತ್ತೆ. ಮಧ್ಯಾಹ್ನ ಆದ್ರೆ ಎರಡು ಡಿಸ್ಕ್ ಕಾಣಿಸೋದೇ ಇಲ್ಲ" ಅಂದರು. ದನಿಯಲ್ಲಿ ಗಾಬರಿ ಇತ್ತು. ಊರಿನ ಎಷ್ಟೋ ಮನೆಗಳ ಮದುವೆ ವಿಡಿಯೋ ಅವರ ಸರ್ವರ್‌ನಲ್ಲೇ, ಅಂದರೆ ಫೈಲ್‌ಗಳನ್ನೆಲ್ಲ ಇಡುವ ಕಂಪ್ಯೂಟರಿನಲ್ಲೇ ಇವೆ.

ಅವರ ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಇದ್ದದ್ದು ಆರು. ಬೇಕಾಗಿದ್ದದ್ದು ಎಂಟು ಡಿಸ್ಕ್. ಹಾಗಾಗಿ ನಾನೇ ಒಂದು ಎಚ್‌ಬಿಎ ಕಾರ್ಡ್, ಅಂದರೆ ಹೆಚ್ಚು ಡಿಸ್ಕ್ ಜೋಡಿಸಲು ಬಳಸುವ ಕಾರ್ಡ್ ಹಾಕಿಕೊಟ್ಟಿದ್ದೆ. ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಪಿಸಿಐಇ ಸ್ಲಾಟಿನಲ್ಲಿ ಕೂರುತ್ತದೆ ಅದು. ಎರಡು ಕನೆಕ್ಟರ್, ಒಂದೊಂದಕ್ಕೆ ಒಂದು ಕೇಬಲ್, ಆ ಕೇಬಲ್ ತುದಿಯಲ್ಲಿ ನಾಲ್ಕು ಕವಲು. ಎಂಟು ಡಿಸ್ಕಿಗೆ ಸರಿಹೋಯಿತು.

ಹೋಗಿ ಮೊದಲು ಕೇಬಲ್ ಬದಲಾಯಿಸಿದೆ. ಪವರ್ ಸಪ್ಲೈ ಬದಲಾಯಿಸಿದೆ. ಡಿಸ್ಕ್‌ಗಳನ್ನು ಪರೀಕ್ಷಿಸಿದೆ, ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಮಧ್ಯಾಹ್ನ ಮತ್ತೆ ಅದೇ ಕಥೆ. ಕೊನೆಗೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಕಾರ್ಡಿನ ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ತುಂಡಿನ ಮೇಲೆ ಬೆರಳಿಟ್ಟೆ. ಚುರ್ ಅಂತು! ಎರಡು ಸೆಕೆಂಡ್ ಇಡೋಕಾಗಲಿಲ್ಲ.

ಕಾರ್ಡ್ ಕಾದಾಗಲೇ ಡಿಸ್ಕ್ ಮಾಯವಾಗುತ್ತಿತ್ತು. ಕಾರಣ ಸುಲಭ. ಈ ಕಾರ್ಡ್‌ಗಳನ್ನು ಮಾಡಿರುವುದು ಕಪಾಟಿನಂಥ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸುವ ರ‍್ಯಾಕ್ ಸರ್ವರ್‌ಗಳಿಗೆ. ಅಲ್ಲಿ ಸಾಲು ಫ್ಯಾನ್‌ಗಳು ಭೋರ್ ಅಂತ ಗಾಳಿ ನೂಕುತ್ತಿರುತ್ತವೆ. ಅದನ್ನು ನಂಬಿಕೊಂಡು ಕಾರ್ಡಿನ ಮೇಲೆ ಫ್ಯಾನನ್ನೇ ಇಟ್ಟಿರುವುದಿಲ್ಲ. ಇಂಥ ಹಲವು ಕಾರ್ಡ್‌ಗಳಿಗೆ ನಿಮಿಷಕ್ಕೆ 200 ಅಡಿ ವೇಗದಲ್ಲಿ ಗಾಳಿ ಹಾಯಬೇಕು ಅಂತ ತಯಾರಕರೇ ಬರೆದಿರುತ್ತಾರೆ. ನಮ್ಮ ಟವರ್ ಕ್ಯಾಬಿನೆಟ್ಟಿನ ಮೂಲೆಯಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಅದೂ ಮಂಡ್ಯದ ಏಪ್ರಿಲ್‌ನಲ್ಲಿ! 40 ಮಿಲಿಮೀಟರಿನ ಒಂದು ಪುಟ್ಟ ಫ್ಯಾನ್ ತಂದು ಹೀಟ್‌ಸಿಂಕಿಗೆ ಟೈ ಹಾಕಿ ಕಟ್ಟಿದೆ. ಆಮೇಲೆ ಒಂದು ಡಿಸ್ಕೂ ಮಾಯವಾಗಿಲ್ಲ. ಕಾರ್ಡ್ ಹಾಕಿದ ದಿನವೇ ಇದನ್ನು ಮಾಡಬೇಕಿತ್ತು, ತಪ್ಪು ನನ್ನದೇ.

ಸ್ಲಾಟಿನ ವಿಷಯವೂ ಹೇಳಬೇಕು. ಉದ್ದನೆಯ ಸ್ಲಾಟ್ ನೋಡಿ ಹದಿನಾರೂ ಲೇನ್, ಅಂದರೆ ಡೇಟಾ ಓಡುವ ದಾರಿ ಇದೆ ಅಂದುಕೊಳ್ಳಬೇಡಿ. ತೂಬು ದೊಡ್ಡದಿದ್ದರೂ ನಾಲೆಯಲ್ಲಿ ನೀರು ಬರಬೇಕಲ್ವಾ? ಕೆಲವು ಉದ್ದನೆಯ ಸ್ಲಾಟ್‌ಗಳಿಗೆ ಒಳಗೆ ನಾಲ್ಕೇ ಲೇನ್ ಎಳೆದಿರುತ್ತಾರೆ. ಬೋರ್ಡಿನ ಕೈಪಿಡಿಯಲ್ಲಿ ಅದು ಇರುತ್ತದೆ, ನೋಡಿಯೇ ಕಾರ್ಡ್ ಕೂರಿಸಿ. ಮೂರನೇ ತಲೆಮಾರಿನ ಪಿಸಿಐಇಯಲ್ಲಿ ಒಂದು ಲೇನ್ ಸೆಕೆಂಡಿಗೆ ಹೆಚ್ಚುಕಡಿಮೆ 1000 ಎಂಬಿ ಸಾಗಿಸುತ್ತದೆ. ಒಂದು ಹಾರ್ಡ್ ಡಿಸ್ಕ್ ಕೊಡುವುದು 200, 250 ಎಂಬಿ. ಎಂಟು ಡಿಸ್ಕಿಗೆ ನಾಲ್ಕು ಲೇನ್ ಧಾರಾಳ. ಅದಕ್ಕಿಂತ ವೇಗದ ಎಸ್‌ಎಸ್‌ಡಿ ಆದರೆ ಎಂಟು ಲೇನ್ ಕೊಡಿ.

ಇನ್ನು ಹಲವು ಡಿಸ್ಕ್‌ಗಳನ್ನು ಒಂದೇ ಎಂಬಂತೆ ಸೇರಿಸುವ ರೇಡ್ ಕಾರ್ಡೋ, ಎಚ್‌ಬಿಎ ಕಾರ್ಡೋ? ಚಿಕ್ಕ ಅಂಗಡಿಗಳಿಗೆ ನಾನು ಹೇಳುವುದು ಎಚ್‌ಬಿಎ. ರೇಡ್ ಕಾರ್ಡ್ ಡಿಸ್ಕ್‌ಗಳ ಮೇಲೆ ತನ್ನದೇ ಲೆಕ್ಕ ಬರೆದುಕೊಳ್ಳುತ್ತದೆ. ಕಾರ್ಡ್ ಕೆಟ್ಟರೆ ಸಾಮಾನ್ಯವಾಗಿ ಅದೇ ಜಾತಿಯ ಇನ್ನೊಂದನ್ನು ಹುಡುಕಿಕೊಂಡು ಅಲೆಯಬೇಕು. ಎಚ್‌ಬಿಎ ಹಾಗಲ್ಲ, ಡಿಸ್ಕನ್ನು ಇದ್ದದ್ದು ಇದ್ದ ಹಾಗೇ ಸಿಸ್ಟಮ್ಮಿಗೆ ತೋರಿಸುತ್ತದೆ. ಡಿಸ್ಕ್‌ಗಳನ್ನು ತಾನೇ ನಿಭಾಯಿಸುವ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸುವವರಿಗಂತೂ ಇದೇ ಬೇಕು. ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಅದರೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ 'ಐಟಿ ಮೋಡ್'ನಲ್ಲಿದೆಯಾ, ಅಂದರೆ ಡಿಸ್ಕನ್ನು ಹೀಗೆ ಇದ್ದ ಹಾಗೇ ತೋರಿಸುತ್ತದೆಯಾ ಅಂತ ಕೇಳಿ.

ಸ್ಟುಡಿಯೋದಿಂದ ಹೊರಡುವ ಮುಂಚೆ ಎಂಟೂ ಡಿಸ್ಕಿನ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದು ಟ್ರೇ ಮುಂದೆ ಅಂಟಿಸಿದೆ. ನಾಳೆ ಒಂದು ಡಿಸ್ಕ್ ಕೆಟ್ಟರೆ ಸರಿ ಇರುವುದನ್ನು ಕೀಳಬಾರದಲ್ಲ.

ನಮಸ್ಕಾರ.